ಓದುಗರ ಪ್ರಶ್ನೆ: ಹಾಸಿಗೆ ಹಿಡಿದವರ ಮನೆಗೆ ಹೋದಾಗ

ಪ್ರಶ್ನೆ: ನಮ್ಮ ಸಭೆಯ ಹಿರಿಯ ಅಮ್ಮನವರೊಬ್ಬರಿಗೆ ಲಕ್ವ ಹೊಡೆದು ಬಲಗೈ, ಬಲಗಾಲಿನಲ್ಲಿ ಸ್ವಾಧೀನವಿಲ್ಲ, ಮಾತೂ ಹೊರಡುವುದಿಲ್ಲ. ಭಾನುವಾರ ಆರಾಧನೆ ಮುಗಿಸಿ ಸ್ತ್ರೀಯರ ಸಂಘದ ಹತ್ತು ಜನ ಹೋಗಿ ಪ್ರಾರ್ಥಿಸಿ ಬರುತ್ತೇವೆ. ಸೊಸೆ ಮಾತ್ರ ವಾರವಾರಕ್ಕೂ ಸೊರಗುತ್ತಿದ್ದಾಳೆ. ತಾಯಿಯಂತೆ ಸಂತೈಸುವ ದೇವರನ್ನು ನಂಬಿದ ನಾವು ಇನ್ನೇನು ಮಾಡಬೇಕು?
— ಒಬ್ಬ ಓದುಗರು, ಉಡುಪಿ

ಉತ್ತರ: ಪ್ರಾರ್ಥನೆ ನಿಲ್ಲಿಸಬೇಡಿ, ಹತ್ತು ಜನ ಒಟ್ಟಿಗೆ ಹೋಗುವುದನ್ನು ನಿಲ್ಲಿಸಿ. ಅಷ್ಟೂ ಜನಕ್ಕೆ ಕಾಫಿ ಕಾಯಿಸಬೇಕಾದವಳು ಅದೇ ಸೊಸೆ. ಸಾವನ್ನೇ ಬೇಡಿಕೊಂಡು ಮಲಗಿದ ಪ್ರವಾದಿ ಎಲೀಯನ ಬಳಿಗೆ ಬಂದ ದೂತನು (1 ಅರಸುಗಳು 19) ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಊಟ ಮಾಡು ಎಂದ. ರೊಟ್ಟಿಯೂ ನೀರೂ ತಲೆಯ ಹತ್ತಿರವೇ ಇದ್ದವು. ಉಂಡವನು ಮತ್ತೆ ಮಲಗಿದ, ದೂತ ಎರಡನೆಯ ಸಲ ಉಣಿಸಿದ. ದೇವರು ಅವನನ್ನು ಪ್ರಶ್ನಿಸಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನೀವೂ ಸೊಸೆಯ ನಿದ್ದೆಯಿಂದ ಶುರುಮಾಡಿ.

‘ಏನಾದರೂ ಬೇಕಿದ್ದರೆ ಹೇಳಮ್ಮಾ’ ಎಂದರೆ ದಣಿದವಳು ಏನೂ ಹೇಳುವುದಿಲ್ಲ. ‘ಬುಧವಾರ ಮಧ್ಯಾಹ್ನ 2ರಿಂದ 4ರವರೆಗೆ ನಾವಿಬ್ಬರು ಇರುತ್ತೇವೆ, ನೀನು ಮಲಗು’ ಎನ್ನಿ. ನಾಲ್ಕು ಜೋಡಿಯಾದರೆ ಒಬ್ಬೊಬ್ಬರಿಗೆ ತಿಂಗಳಿಗೊಂದೇ ಸರದಿ. ದಿನವೂ ಬರುತ್ತೇವೆಂದು ಹುರುಪಿನಲ್ಲಿ ಮಾತು ಕೊಟ್ಟು ಮೂರನೆಯ ವಾರಕ್ಕೆ ಕೈಬಿಟ್ಟರೆ ಆ ಮನೆಗೆ ಮೊದಲಿಗಿಂತ ಹೆಚ್ಚು ನೋವು.

ಆ ಎರಡು ಗಂಟೆಯ ಕೆಲಸವನ್ನು ನರ್ಸ್ ಅಥವಾ ಸೊಸೆಯಿಂದ ಮೊದಲೇ ನೋಡಿ ಕಲಿಯಿರಿ. ಮಲಗಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬೇಡಿ, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಸೊಂಟದಡಿ ಮಡಿಸಿ ಹಾಸಿದ ಬೆಡ್‌ಶೀಟನ್ನು ಎರಡು ಕಡೆಯಿಂದ ಹಿಡಿದು ಎತ್ತಿ ಸರಿಸಿ. ಸ್ವಾಧೀನವಿಲ್ಲದ ಕೈಯನ್ನು ಜಗ್ಗಿದರೆ ಭುಜದ ಕೀಲು ಜಾರಬಹುದು. ಬೆನ್ನಿಗೊಂದು ದಿಂಬು ಕೊಡಿ, ಮೀನಖಂಡದಡಿ ಇನ್ನೊಂದನ್ನಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಲೆ ಕಂಡರೆ ಎಣ್ಣೆ ಹಾಕಿ ತಿಕ್ಕಬೇಡಿ. ಆ ಮಗ್ಗುಲಿಗೆ ಮಲಗಿಸದೆ ನರ್ಸ್‌ಗೆ ತಿಳಿಸಿ. ಗಾಳಿ ತುಂಬಿದ ರಬ್ಬರ್ ರಿಂಗ್ ಕೂಡ ಬೇಡ, ಅದರ ಅಂಚು ರಕ್ತದ ಓಟವನ್ನು ತಡೆಯುತ್ತದೆ.

ಉಣಿಸುವಾಗ ನೆಟ್ಟಗೆ ಕೂರಿಸಿ, ಗದ್ದ ತುಸು ತಗ್ಗಿಸಿ, ಟೀ ಚಮಚದಲ್ಲಿ ಕೊಡಿ. ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು. ಲಕ್ವ ಹೊಡೆದವರಲ್ಲಿ ತೆಳ್ಳಗಿನ ಗಂಜಿತಿಳಿ ಸುಲಭವಾಗಿ ಶ್ವಾಸನಾಳಕ್ಕೆ ಇಳಿದುಬಿಡಬಹುದು. ಎಷ್ಟು ಗಟ್ಟಿ ಇರಬೇಕೆಂದು ವೈದ್ಯರನ್ನೇ ಕೇಳಿ. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ಹೇಳಿ. ಊಟದ ನಂತರ ಬಲದವಡೆಯಲ್ಲಿ ಅಗುಳು ಉಳಿದಿದೆಯೇ ನೋಡಿ, ಅರ್ಧ ಗಂಟೆ ಕೂರಿಸಿಯೇ ಇಡಿ. ಮನೆಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತರುವ ಸಭಾಪಾಲಕರಿಗೂ ನುಂಗುವ ತೊಂದರೆಯನ್ನು ಮೊದಲೇ ತಿಳಿಸಿ. ಎಫ್ರಾಯೀಮನಿಗೆ (ಅಂದರೆ ಇಸ್ರಾಯೇಲ್ ಜನರಿಗೆ) ನಡೆಯಲು ಕಲಿಸಿದೆ, ಬಾಗಿ ಉಣಿಸಿದೆ ಎಂದು ಹೋಶೇಯ 11ರಲ್ಲಿ ದೇವರು ಹೇಳುವುದು ಇಂಥ ಕೆಲಸವನ್ನೇ.

ಮಾತು ಹೋಗಿದೆಯೆಂದರೆ ಬುದ್ಧಿ ಹೋಗಿದೆ ಎಂದಲ್ಲ. ಅವರ ಎದುರಿಗೇ ‘ಪಾಪ, ಇನ್ನೆಷ್ಟು ದಿನವೋ’ ಎನ್ನಬೇಡಿ. ಹೌದು-ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಬಾಯಿಪಾಠವಿದ್ದ ಕೀರ್ತನೆಯನ್ನು ನಿಧಾನವಾಗಿ ಹಾಡಿ. ಮಾತು ಬಾರದ ಎಷ್ಟೋ ಜನರಿಗೆ ಹಳೆಯ ಹಾಡಿನ ಪದಗಳು ಬರುತ್ತವೆ. ಫೋಟೋ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಖಂಡಿತ ಬೇಡ.

ಪ್ರಶ್ನೆ: ಇಂಥ ಆರೈಕೆಯಲ್ಲಿ ಗಂಡಸರಿಗೇನು ಕೆಲಸ?
— ಇನ್ನೊಬ್ಬ ಓದುಗರು, ಹಾಸನ

ಉತ್ತರ: ಬೇಕಾದಷ್ಟಿದೆ. ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವುದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ರೋಗಿ ಗಂಡಸಾದರೆ ಮೈ ಒರೆಸಿ ಬಟ್ಟೆ ಬದಲಿಸುವುದು, ರಾತ್ರಿ ಸರದಿ. ಸಾಕುತಂದೆ ಕೂಸನ್ನು ಎದೆಗಪ್ಪಿಕೊಳ್ಳುವಂತೆ ಜನರನ್ನು ಹೊರಬೇಕಾದವನು ಮೋಶೆ (ಅರಣ್ಯಕಾಂಡ 11). ಒಬ್ಬನಿಂದ ಆಗದು ಎಂದು ಅವನು ಮೊರೆಯಿಟ್ಟಾಗ ದೇವರು ಗದರಲಿಲ್ಲ. ಭಾರ ಹಂಚಿಕೊಳ್ಳಲು 70 ಹಿರಿಯರನ್ನು ಕೊಟ್ಟನು. ನಿಮ್ಮ ಸಭೆಯ ಹಿರಿಯರ ಮುಂದಿನ ಕೂಟದಲ್ಲಿ ಸರದಿ ಪಟ್ಟಿಯನ್ನು ಮುಂದಿಟ್ಟು ಮೊದಲ ಸಾಲಿನಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ.