ಗಂಟೆಗೆ 31 ಡಾಲರ್ ಅಂದರೆ ಎಷ್ಟು?

ತಮ್ಮಾ, ಹಾಸನದಿಂದ ನೀನು ಬರೆದಿದ್ದು ಓದಿದೆ. ಹೆಂಡತಿಯ ವೀಸಾ ಮೇಲೆ ಮೆಲ್ಬರ್ನ್‌ಗೆ ಹೊರಟಿದ್ದೀಯ. ಗೋಡೌನ್ ಕೆಲಸಕ್ಕೆ ಏಜೆನ್ಸಿಯವರು ಗಂಟೆಗೆ 31 ಡಾಲರ್ ಕೊಡುತ್ತಾರಂತೆ. ಅದನ್ನು ನಂಬಿ ಅಪ್ಪನ ಆಲೂಗಡ್ಡೆ ಬೆಳೆಯ ಸಾಲಕ್ಕೆ ತಿಂಗಳ ಕಂತು ಒಪ್ಪಿಕೊಳ್ಳಬಹುದಾ ಅಂತ ನಿನ್ನ ಪ್ರಶ್ನೆ. ಕೆಲಸ ಹಿಡಿ. ಕಂತು ಮಾತ್ರ ಈಗಲೇ ಒಪ್ಪಬೇಡ.

ನೀನು 31ನ್ನು ವಾರಕ್ಕೆ 38 ಗಂಟೆ, ವರ್ಷಕ್ಕೆ 52 ವಾರ ಹಿಡಿದು ಗುಣಿಸಿದ್ದೀಯ. ಲೆಕ್ಕ ಕೆಡುವುದು ಅಲ್ಲೇ. 2025ರ ಜುಲೈನಲ್ಲಿ ಇಲ್ಲಿ ಆಸ್ಟ್ರೇಲಿಯಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು. ನಿನ್ನದು ಕ್ಯಾಶುವಲ್ ಕೆಲಸ, ಅಂದರೆ ಕಾಯಂ ಅಲ್ಲ, ಕರೆದಾಗ ಮಾತ್ರ. ಅದಕ್ಕೆ ಕನಿಷ್ಠ ಕೂಲಿಯ ಮೇಲೆ ಶೇ. 25 ಸೇರಿ 31.19. ಆ ಹೆಚ್ಚಿನ ದುಡ್ಡು ಬೋನಸ್ ಅಲ್ಲ. ಕಾಯಂ ನೌಕರನಿಗೆ ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ ಇದೆ, ಹುಷಾರಿಲ್ಲದಾಗ ಇನ್ನು ಹತ್ತು ದಿನ, ಕೆಲಸದಿಂದ ತೆಗೆಯುವ ಮುಂಚೆ ನೋಟಿಸು. ನಿನಗೆ ಇವು ಯಾವುದೂ ಇಲ್ಲ, ಬದಲಿಗೆ ಈ ದುಡ್ಡು. ಜ್ವರ ಬಂದು ಮೂರು ದಿನ ಮಲಗಿದರೆ ಮೂರು ದಿನದ ಕೂಲಿ ಹೋಯಿತು.

ಏಜೆನ್ಸಿ ಅಂದರೆ ಇನ್ನೊಂದು ತೊಡಕು. ನಮ್ಮ ಸಕಲೇಶಪುರದ ತೋಟಗಳಿಗೆ ಕಾಫಿ ಕೊಯ್ಲಿಗೆ ಆಳು ತರುವ ಮೇಸ್ತ್ರಿ ಗೊತ್ತಲ್ವಾ, ಹಾಗೇ. ಬೆವರು ಸುರಿಸುವುದು ಗೋಡೌನಿನಲ್ಲಿ, ಸಂಬಳ ಕೊಡುವುದು ಏಜೆನ್ಸಿ. ನೀನು ಬೇಡವಾದರೆ ಯಾರೂ ‘ನಾಳೆಯಿಂದ ಬರಬೇಡ’ ಅನ್ನುವುದಿಲ್ಲ. ಸುಮ್ನೆ ಕೆಲಸಕ್ಕೆ ಕರೆಯುವ ಮೆಸೇಜ್ ನಿಂತುಹೋಗುತ್ತದೆ. ಕ್ರಿಸ್ಮಸ್‌ಗೆ ಮುಂಚೆ ಶಿಫ್ಟ್ ಮೇಲೆ ಶಿಫ್ಟ್, ಜನವರಿಯಲ್ಲಿ ಫೋನ್ ನೋಡಿಕೊಂಡು ಕೂರಬೇಕು. ನಾನೂ ಹಾಗೆ ಕೂತವನೇ. ಬಾಡಿಗೆ ಮಾತ್ರ ಜನವರಿ ಬಂತೆಂದು ಕಡಿಮೆಯಾಗಲಿಲ್ಲ. ತೋಟದಲ್ಲಾದರೆ ಕೊಯ್ಲು ಯಾವಾಗ ಮುಗಿಯುತ್ತದೆ ಅಂತ ಗಿಡ ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಅದೂ ಇಲ್ಲ.

ಹಾಗಂತ ಹಕ್ಕೇ ಇಲ್ಲ ಅಂದುಕೊಳ್ಳಬೇಡ. ನಿವೃತ್ತಿಗೆಂದು ಸಂಬಳದ ಮೇಲೆ ಶೇ. 12 ಏಜೆನ್ಸಿಯವರು ಕಟ್ಟಲೇಬೇಕು, ಅದನ್ನು ಇಲ್ಲಿ ಸೂಪರ್ ಅನ್ನುತ್ತಾರೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಉಂಟು. ಆರು ತಿಂಗಳಾದ ಮೇಲೆ ಕಾಯಂ ಮಾಡಿ ಎಂದು ಬರೆದುಕೊಡಬಹುದು (ಸಣ್ಣ ಕಂಪನಿಯಾದರೆ ಒಂದು ವರ್ಷ), 21 ದಿನದೊಳಗೆ ಅವರು ಉತ್ತರ ಕೊಡಬೇಕು. ಆಗಲ್ಲ ಅನ್ನುವುದಕ್ಕೂ ಕಾನೂನಿನಲ್ಲೇ ಕಾರಣಗಳಿವೆ, ಏಜೆನ್ಸಿಗಳು ಅವನ್ನು ಚೆನ್ನಾಗಿ ಓದಿಕೊಂಡಿರುತ್ತವೆ! ಎಬಿಎನ್, ಅಂದರೆ ಸ್ವಂತ ವ್ಯವಹಾರ ಮಾಡುವವರ ನಂಬರ್, ಮಾಡಿಸಿಕೊಂಡು ಬಾ ಅಂದರೆ ಹುಷಾರು. ಗೋಡೌನಿನ ಆಳನ್ನು ಸ್ವಂತ ಗುತ್ತಿಗೆದಾರ ಅಂತ ತೋರಿಸಿ ಸೂಪರ್ ತಪ್ಪಿಸುವ ಆಟ ಅದು.

ಅಪ್ಪನ ಸಾಲಕ್ಕೆ ಮೊದಲ ಆರು ತಿಂಗಳು ಕೈಗೆ ಬಂದಷ್ಟು ಕಳಿಸು, ಇಷ್ಟೇ ಎಂದು ಮಾತು ಕೊಡಬೇಡ. ಅದಕ್ಕೂ ಮುಂಚೆ ಇಲ್ಲಿಯ ಎರಡು ತಿಂಗಳ ಬಾಡಿಗೆ ಎತ್ತಿಡು. ಆಮೇಲೆ ಕಂತು ಲೆಕ್ಕ ಹಾಕುವಾಗ ಎಲ್ಲಕ್ಕಿಂತ ಕಡಿಮೆ ಬಂದ ವಾರಗಳನ್ನು ಹಿಡಿ, ಜಾಸ್ತಿ ಬಂದ ವಾರಗಳನ್ನಲ್ಲ. ಮಗ ಆಸ್ಟ್ರೇಲಿಯಾದಲ್ಲಿದ್ದಾನೆ ಅಂತ ಗೊತ್ತಾದರೆ ಊರಲ್ಲಿ ಬಡ್ಡಿಗೆ ಕೊಡುವವರೇ ಅಪ್ಪನ ಬಳಿ ಬರುತ್ತಾರೆ. ಅದನ್ನೂ ಈಗಲೇ ಮನೆಯಲ್ಲಿ ಹೇಳಿಟ್ಟಿರು.

ವಿಕ್ಟೋರಿಯಾ ರಾಜ್ಯದಲ್ಲಿ ಆಳು ಒದಗಿಸುವ ಏಜೆನ್ಸಿಗೆ ಲೈಸೆನ್ಸ್ ಬೇಕು, ಲೈಸೆನ್ಸ್ ಇದ್ದವರ ಪಟ್ಟಿ ಯಾರು ಬೇಕಾದರೂ ನೋಡಬಹುದು. ವಿಮಾನ ಹತ್ತುವ ಮುಂಚೆ ಆ ಏಜೆನ್ಸಿಯ ಹೆಸರು ಕಳಿಸು, ಇದೆಯಾ ಅಂತ ನೋಡಿ ಹೇಳುತ್ತೇನೆ.