ಎರೆ ಮಣ್ಣಿನ ಶಿಲ್ಪ ಬಿರುಕು ಬಿಟ್ಟರೆ

ನವಲಗುಂದದ ಹೊಲದಿಂದ ಮಣ್ಣು ತಂದು ಎರಡಡಿ ಎತ್ತರದ ಗೀಜುಗನ ಗೂಡು ಮಾಡಿದೆ, ಮೂರನೇ ದಿನಕ್ಕೇ ಸೀಳಿತು, ಏನು ತಪ್ಪು ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ, ಎರೆ ಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ, ಗುಣವೇ ಅದು. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡೋದನ್ನು ನೋಡಿದ್ದೀರಲ್ವಾ? ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಅಂಗೈಯಗಲ ಇರುತ್ತದೆ, ಅದಕ್ಕೇ ಅಷ್ಟು ಸೀಳುವುದಿಲ್ಲ.

ಮುಂದಿನ ಸಲ ಎರೆ ಮಣ್ಣಿಗೆ ಕಲಘಟಗಿ ಕಡೆಯ ಕೆಂಪು ಮಣ್ಣು, ಮರಳು ಬೆರೆಸಿ. ಹೊಟ್ಟು, ಸಗಣಿ ಹಾಕಿ ನಾಲ್ಕೈದು ದಿನ ಕೊಳೆಯಲು ಬಿಡಿ. ವಾಸನೆ ಬರುತ್ತದೆ, ಮನೆಯವರು ಬೈತಾರೆ, ಸಹಿಸಿಕೊಳ್ಳಿ. ಒಳಗೆ ತಂತಿ ಬೇಡ. ಮಣ್ಣು ಕುಗ್ಗಿದರೂ ತಂತಿ ಕುಗ್ಗಲ್ಲ, ಬಿರುಕು ಅಲ್ಲಿಂದಲೇ ಶುರು. ನನ್ನ ಮೊದಲ ಆಮೆಯ ಬೆನ್ನು ಹಾಗೇ ಎರಡು ಹೋಳಾಯಿತು. ಬದಲಿಗೆ ಜೋಳದ ಕಣಿಕೆ (ಒಣ ದಂಟು) ಕಟ್ಟಿ ಸುತ್ತ ತೆಳುವಾಗಿ ಮೆತ್ತಿ, ಒದ್ದೆ ಗೋಣಿಚೀಲ ಹೊದಿಸಿ ನೆರಳಲ್ಲಿ ನಿಧಾನ ಒಣಗಿಸಿ.

ಇಷ್ಟಾದರೂ ಸಣ್ಣ ಬಿರುಕು ಬರಬಹುದು. ಬ್ರಿಟನ್ನಿನ ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ ಗೋಡೆಗೆ ಮಣ್ಣು ಮೆತ್ತಿ ಬಿರುಕು ಬಿಡಲೆಂದೇ ಬಿಡುತ್ತಾರೆ, ಆ ಬಿರುಕೇ ಅಲ್ಲಿ ಚಿತ್ರ. ಸೀಳಿದ ಗೂಡನ್ನು ಸುಮ್ನೆ ಒಡೆದು ಹಾಕಬೇಡಿ. ಹಿತ್ತಲಲ್ಲಿಟ್ಟು ಮಳೆಗಾಲ ಮುಗಿಯೋವರೆಗೆ ವಾರಕ್ಕೊಂದು ಫೋಟೋ ತೆಗೆಯಿರಿ.