ರಾಕ್‌ನಲ್ಲಿ ಲೈವ್ ಆಲ್ಬಂ ಕೇಳಬೇಕೋ, ಸ್ಟುಡಿಯೋ ಆಲ್ಬಂ ಕೇಳಬೇಕೋ?

ಅಚ್ಚುಕಟ್ಟಾದ ಸ್ಟುಡಿಯೋ ಧ್ವನಿಮುದ್ರಣ ಇರುವಾಗ, ವೇದಿಕೆಯ ಮೇಲೆ ನುಡಿಸುವಾಗಲೇ ಮುದ್ರಿಸಿದ ಲೈವ್ ಆಲ್ಬಂನಲ್ಲಿ ಜನರ ಕೂಗಾಟದ ನಡುವೆ ಅದೇ ಹಾಡನ್ನು ಮತ್ತೆ ಯಾಕೆ ಕೇಳಬೇಕು ಎಂದು ಕೇಳಿದ್ದೀರಿ. ಎಲ್ಲ ತಂಡಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆ ಹಾಡು ಎಲ್ಲಿ ಪೂರ್ತಿಯಾಯಿತು ಎಂಬುದನ್ನು ನಾನು ನೋಡುತ್ತೇನೆ. ಕೆಲವು ಹಾಡುಗಳು ಸ್ಟುಡಿಯೋದಲ್ಲೇ ಮುಗಿದಿರುತ್ತವೆ, ಕೆಲವು ಅಲ್ಲಿ ಬರೀ ಶುರುವಾಗಿರುತ್ತವೆ.

ಡೀಪ್ ಪರ್ಪಲ್ ತಂಡ ಎರಡನೆಯ ಬಗೆಯದು. ಅವರ ಸ್ಟುಡಿಯೋ ಆಲ್ಬಂ ‘ಮಷೀನ್ ಹೆಡ್’ 1972ರಲ್ಲಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೋದ ಬುಡೋಕಾನ್‌ನಲ್ಲಿ ಒಂದು ರಾತ್ರಿ ನುಡಿಸಿದ್ದು ‘ಮೇಡ್ ಇನ್ ಜಪಾನ್’ ಎಂಬ ಲೈವ್ ಆಲ್ಬಂ ಆಯಿತು. ‘ಸ್ಪೇಸ್ ಟ್ರಕಿನ್’ ಹಾಡನ್ನು ಎರಡರಲ್ಲೂ ಕೇಳಿ ನೋಡಿ. ಸ್ಟುಡಿಯೋದಲ್ಲಿ ಅದು ನಾಲ್ಕೂವರೆ ನಿಮಿಷ. ಜಪಾನಿನಲ್ಲಿ ಸುಮಾರು ಇಪ್ಪತ್ತು ನಿಮಿಷ, ಎಲ್‌ಪಿಯ ಒಂದು ಇಡೀ ಬದಿ. ಹಾಡುಗಾರಿಕೆ ಬೇಗನೆ ಮುಗಿಯುತ್ತದೆ, ಆಮೇಲಿನದೆಲ್ಲ ಜಾನ್ ಲಾರ್ಡ್‌ನ ಆರ್ಗನ್ ಮತ್ತು ರಿಚಿ ಬ್ಲ್ಯಾಕ್‌ಮೋರ್‌ನ ಗಿಟಾರ್‌ಗೆ ಬಿಟ್ಟದ್ದು. ರಾಗ ತಾನ ಪಲ್ಲವಿಗೆ ತಾಳ್ಮೆಯಿಂದ ಕುಳಿತು ಅಭ್ಯಾಸವಿರುವ ನಮ್ಮವರಿಗೆ ಇದೇನೂ ದೀರ್ಘವೆನಿಸಬಾರದು.

ಅದೇ ಲೈವ್ ಆಲ್ಬಂನ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರ್‌ನಲ್ಲಿ ಒಂದು ತುಣುಕು ನುಡಿಸುತ್ತಾನೆ, ಗಾಯಕ ಇಯಾನ್ ಗಿಲನ್ ಅದನ್ನು ಗಂಟಲಿನಲ್ಲಿ ಹಿಂತಿರುಗಿಸುತ್ತಾನೆ. ಗಿಟಾರ್ ಇನ್ನಷ್ಟು ಮೇಲೇರುತ್ತದೆ, ಗಂಟಲೂ ಬಿಡುವುದಿಲ್ಲ. ಕೊನೆಗೆ ಉಳಿಯುವುದು ಗಿಲನ್‌ನ ಉದ್ದನೆಯ ಕಿರುಚಾಟ. ಎದುರಿನವನು ಮುಂದೇನು ಮಾಡುತ್ತಾನೆಂದು ಊಹಿಸುತ್ತಾ ನುಡಿಸುವಾಗ ಹುಟ್ಟುವ ಈ ಮೊನಚು, ಒಂದೊಂದೇ ಪದರ ಜೋಡಿಸಿ ಮಾಡುವ ಧ್ವನಿಮುದ್ರಣದಲ್ಲಿ ಸಿಗುವುದು ಕಷ್ಟ. ಹಾಡುಗಳ ನಡುವೆ ಒಮ್ಮೆ ವೇದಿಕೆಯಿಂದ ಧ್ವನಿ ತಂತ್ರಜ್ಞರಿಗೆ ಒಂದು ಬೇಡಿಕೆಯೂ ಹೋಗುತ್ತದೆ: ಪ್ರತಿಯೊಂದೂ ಉಳಿದೆಲ್ಲಕ್ಕಿಂತ ಜೋರಾಗಿ ಕೇಳಿಸಬೇಕಂತೆ! ಆ ಕಾಲದ ಹಾರ್ಡ್ ರಾಕ್‌ನ ಇಡೀ ಸಿದ್ಧಾಂತ ಅಷ್ಟೇ.

ಹಾಗೆಂದು ಜಪಾನಿನದೇ ಎಲ್ಲದರಲ್ಲೂ ಮೇಲು ಎನ್ನಲಾರೆ. ‘ಹೈವೇ ಸ್ಟಾರ್’ನ ಗಿಟಾರ್ ಸೋಲೋವನ್ನು (ಗಿಟಾರ್ ಮುಂದೆ ನಿಂತು ನುಡಿಯುವ ಭಾಗ) ಸ್ಟುಡಿಯೋ ಆವೃತ್ತಿಯಲ್ಲಿ ಒಂದರ ಮೇಲೊಂದು ಎರಡು ಸಲ ನುಡಿಸಿ ಹೆಣೆದಿದ್ದಾರೆ. ವೇದಿಕೆಯಲ್ಲಿ ಇರುವುದು ಒಂದೇ ಗಿಟಾರ್, ಆ ಜೋಡಿಸ್ವರದ ಸೊಗಸು ಅಲ್ಲಿಲ್ಲ.

ಈ ಮಾತು ಕ್ವೀನ್ ತಂಡಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. 1975ರ ‘ಬೊಹೀಮಿಯನ್ ರಾಪ್ಸೊಡಿ’ಯ ಒಪೆರಾ ಭಾಗದಲ್ಲಿ ಕೆಲವೇ ಗಂಟಲುಗಳನ್ನು ಮತ್ತೆ ಮತ್ತೆ ಮುದ್ರಿಸಿ ಒಂದು ಮೇಳವನ್ನೇ ಕಟ್ಟಿದ್ದಾರೆ. ಅದನ್ನು ವೇದಿಕೆಯಲ್ಲಿ ಹಾಡುವುದು ಆಗದ ಮಾತು. ಆ ಭಾಗ ಬಂದಾಗ ತಂಡದವರು ಒಳಗೆ ಹೋಗುತ್ತಿದ್ದರು, ಟೇಪ್ ಓಡುತ್ತಿತ್ತು. 1979ರ ‘ಲೈವ್ ಕಿಲ್ಲರ್ಸ್’ ಆಲ್ಬಂನಲ್ಲಿ ಇರುವುದೂ ಹೀಗೆಯೇ. ಇಂಥ ಹಾಡಿಗೆ ನಾನು ಕಣ್ಣುಮುಚ್ಚಿ ಸ್ಟುಡಿಯೋ ಆವೃತ್ತಿಯನ್ನೇ ಆರಿಸುತ್ತೇನೆ.

ಚೀಪ್ ಟ್ರಿಕ್‌ನದು ತಿರುಗುಮುರುಗು. ‘ಐ ವಾಂಟ್ ಯು ಟು ವಾಂಟ್ ಮಿ’ 1977ರ ಸ್ಟುಡಿಯೋ ಆಲ್ಬಂನಲ್ಲಿ ಸಪ್ಪೆಯಾಗಿತ್ತು, ಹೆಚ್ಚು ಜನ ತಿರುಗಿ ನೋಡಲಿಲ್ಲ. ಮರುವರ್ಷ ಬುಡೋಕಾನ್‌ನಲ್ಲಿ ವೇಗ ಹೆಚ್ಚಿಸಿ ಹಾಡಿದರು. ‘ಕ್ರೈಯಿಂಗ್’ ಎಂಬ ಮಾತು ಬಂದಾಗಲೆಲ್ಲ ಜಪಾನಿನ ಅಭಿಮಾನಿಗಳು ಅದನ್ನು ಪ್ರತಿಧ್ವನಿಯಂತೆ ಕೂಗುತ್ತಾರೆ. ಅಮೆರಿಕದಲ್ಲಿ ದೊಡ್ಡ ಹಿಟ್ ಆದದ್ದು ಈ ಆವೃತ್ತಿಯೇ. ಅಂದರೆ ನೀವು ಅಡಚಣೆ ಎಂದುಕೊಂಡ ಕೂಗಾಟವೇ ಇಲ್ಲಿ ಹಾಡಿನ ಒಂದು ಭಾಗ.

ಇನ್ನೊಂದು ವಿಷಯ, ‘ಲೈವ್’, ‘ಸ್ಟುಡಿಯೋ’ ಎಂಬ ಹಣೆಪಟ್ಟಿಯನ್ನು ಪೂರ್ತಿ ನಂಬಬೇಡಿ. ಥಿನ್ ಲಿಜ್ಜಿ ತಂಡದ ‘ಲೈವ್ ಅಂಡ್ ಡೇಂಜರಸ್’ (1978) ಬಗ್ಗೆ, ಅದರ ಬಹುಪಾಲನ್ನು ಸ್ಟುಡಿಯೋದಲ್ಲಿ ಮರುಮುದ್ರಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರು. ಗಿಟಾರ್ ವಾದಕ ಬ್ರಯಾನ್ ರಾಬರ್ಟ್‌ಸನ್ ಅದನ್ನು ಒಪ್ಪಲಿಲ್ಲ. ನನಗಂತೂ ತೇಪೆ ಕಾಣದಿದ್ದರೆ ತಕರಾರಿಲ್ಲ. ಅತ್ತ ‘ಮಷೀನ್ ಹೆಡ್’ ಸ್ಟುಡಿಯೋ ಆಲ್ಬಂ ಎನಿಸಿಕೊಂಡರೂ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಡೀಪ್ ಪರ್ಪಲ್ ತಂಡದವರು ಧ್ವನಿಮುದ್ರಣಕ್ಕೆ ಗೊತ್ತುಮಾಡಿದ್ದ ಕ್ಯಾಸಿನೋ 1971ರ ಡಿಸೆಂಬರ್‌ನಲ್ಲಿ ಸುಟ್ಟುಹೋಯಿತು. ಬಹುಪಾಲು ಹಾಡುಗಳನ್ನು ಖಾಲಿ ಹೋಟೆಲೊಂದರ ಮೊಗಸಾಲೆಯಲ್ಲಿ ನುಡಿಸಿ, ಹೊರಗೆ ನಿಂತಿದ್ದ ರೋಲಿಂಗ್ ಸ್ಟೋನ್ಸ್‌ನವರ ಧ್ವನಿಮುದ್ರಣ ವಾಹನದಲ್ಲಿ ದಾಖಲಿಸಿಕೊಂಡರು. ‘ಸ್ಮೋಕ್ ಆನ್ ದ ವಾಟರ್’ ಹೇಳುವುದು ಆ ಬೆಂಕಿಯ ಕಥೆಯನ್ನೇ.

ಪ್ರಾಮಾಣಿಕತೆಯಲ್ಲಿ ಮಾತ್ರ ದ ಹೂ ತಂಡದ ‘ಲೈವ್ ಅಟ್ ಲೀಡ್ಸ್’ಗೆ (1970) ಸಾಟಿಯಿಲ್ಲ. ಧ್ವನಿಮುದ್ರಿಕೆಯ ಲೇಬಲ್ ಮೇಲೆಯೇ, ಚಟಪಟ ಸದ್ದು ಸರಿಯಾಗಿದೆ, ತಿದ್ದಬೇಡಿ ಎಂದು ಬರೆದು ಬಿಡುಗಡೆ ಮಾಡಿದರು. ಸ್ಟುಡಿಯೋದಲ್ಲಿ ಮೂರು ಚಿಲ್ಲರೆ ನಿಮಿಷದ ‘ಮೈ ಜನರೇಷನ್’ ಅದರಲ್ಲಿ ಹದಿನಾಲ್ಕು ನಿಮಿಷ ದಾಟುತ್ತದೆ.

ಹೊಸದಾಗಿ ಕೇಳುವವರಾದರೆ ‘ಮಷೀನ್ ಹೆಡ್’ ಮೊದಲು ಕೇಳಿ, ಹಾಡುಗಳ ಧಾಟಿ ಕಿವಿಗೆ ಹತ್ತಲಿ. ಆಮೇಲೆ ‘ಮೇಡ್ ಇನ್ ಜಪಾನ್’ಗೆ ಬನ್ನಿ, ಮೂಲದ ಏಳು ಹಾಡುಗಳ ಆವೃತ್ತಿಯೇ ಸಾಕು. ಮೂರೂ ರಾತ್ರಿಗಳ ಕಚೇರಿಗಳು ಸಂಪುಟವಾಗಿಯೂ ಬಂದಿವೆ, ಆದರೆ ಒಂದೇ ಹಾಡನ್ನು ಮೂರು ಬಗೆಯಲ್ಲಿ ಕೇಳುವ ಹುಚ್ಚು ಹಿಡಿದ ಮೇಲಷ್ಟೇ ಅದಕ್ಕೆ ಕೈಹಾಕಿ.